ಮಾತು ಬಿಟ್ಟ ದೇಶಗಳು

ಹೋದ ತಿಂಗಳು ನಮ್ಮ ಇಂಟರ್‌ನ್ಯಾಷನಲ್ ಮೇಷ್ಟ್ರ ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ, ಹೋದವರು ಸಾಮಾನ್ಯರಲ್ಲ, ಪೊಲೀಸರ ಗುಪ್ತ ವಿಭಾಗದಲ್ಲಿದ್ದವರು, ಕಾಲೇಜಿನ ಮೇಷ್ಟ್ರಗಿರಿ ಬರೀ ಕಣ್ಣಿಗೆ ಮಣ್ಣೆರಚುವುದಕ್ಕೆ ಎಂದು ಆಚೆ ಪಕ್ಕದವರಿಗೆ ಹೇಳುತ್ತಿದ್ದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟು ನನಗೆ ಬೇಗ ಬರುತ್ತದೆ. ಆಯುಷ್ಯವೆಲ್ಲ ಹುಡುಗರ ಇಂಗ್ಲಿಷ್ ತಿದ್ದಿದವಳು ನಾನು, ತಪ್ಪು ಕಿವಿಗೆ ಬಿದ್ದರೆ ಸುಮ್ಮನಿರಲು ಬರುವುದಿಲ್ಲ. ಆದರೆ ಅವತ್ತು ಬಾಯಲ್ಲಿ ಹೋಳಿಗೆ ಇತ್ತು. ಆದ್ದರಿಂದ ಈಗ, ಇಲ್ಲಿ ತಿದ್ದುತ್ತಿದ್ದೇನೆ.

ಮೇಷ್ಟ್ರು ಪೊಲೀಸರೂ ಅಲ್ಲ, ಪತ್ತೇದಾರರೂ ಅಲ್ಲ. ರಾಜ್ಯಶಾಸ್ತ್ರದ ಅಧ್ಯಾಪಕರು. ಐವತ್ತರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆ ಸೇರಿದ ಕಾಲೇಜಿನಲ್ಲಿ ಅವರು ಆಗಲೇ ಹಳಬರು. ಬಿ.ಎ. ಕೊನೆಯ ವರ್ಷಕ್ಕೆ ಅಂತರರಾಷ್ಟ್ರೀಯ ಸಂಬಂಧಗಳು ಎಂಬ ಪೇಪರೊಂದಿತ್ತು. ಬೇರೆ ಯಾವ ಅಧ್ಯಾಪಕರೂ ಬೇಡವೆಂದು ಕೈತೊಳೆದುಕೊಂಡ ಆ ಪೇಪರನ್ನು ಇವರು ಮನೆಮಗಳ ಹಾಗೆ ಸಾಕಿದರು. ಅದಕ್ಕೇ ಆ ಹೆಸರು ಬಂತು. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಆಗ ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಸ್ಸು ಬಂತೆಂದರೆ ಯಾರು ಇಳಿದರೆಂದು ಇಡೀ ರಸ್ತೆ ಬಾಗಿಲಿಗೆ ಬಂದು ನೋಡುತ್ತಿತ್ತು.

ಪಂಚೆ, ಅದರ ಮೇಲೆ ಕಪ್ಪು ಕೋಟು, ಕಾಲಿಗೆ ಕಾಲುಚೀಲವಿಲ್ಲದ ಬೂಟು. ಬಲಗೈಯಲ್ಲಿ ಸೀಮೆಸುಣ್ಣ, ಎಡಗೈಯಲ್ಲಿ ನಶ್ಯದ ಚಿಟಿಕೆ. ಪಾಠದ ಭರದಲ್ಲಿ ಎರಡೂ ಅದಲುಬದಲಾಗಿ ಕರಿಹಲಗೆಯ ಮೇಲೆ ನಶ್ಯ, ಮೂಗಿನ ತುದಿಯಲ್ಲಿ ಸೀಮೆಸುಣ್ಣ. ಇಷ್ಟೆಲ್ಲ ಅಂತರರಾಷ್ಟ್ರೀಯವಾಗಿದ್ದರೂ ಅವರು ಮೈಸೂರು ಸೀಮೆ ದಾಟಿದ್ದು ಒಂದೇ ಸಲ, ತಿರುಪತಿಗೆ ಮುಡಿ ಕೊಡಲು. ಅದನ್ನವರು ತಮ್ಮ ವಿದೇಶ ಪ್ರವಾಸ ಎಂದೇ ಕರೆಯುತ್ತಿದ್ದರು. ಅಲ್ಲಿನ ಜನ ಬೇರೆ ಭಾಷೆ ಆಡುತ್ತಾರೆ, ಬೇರೆ ಥರ ಉಪ್ಪಿನಕಾಯಿ ತಿನ್ನುತ್ತಾರೆ, ಹೋದವರ ತಲೆ ಬೋಳಿಸಿ ಕಳಿಸುತ್ತಾರೆ, ಇನ್ನೇನು ಬೇಕು ವಿದೇಶ ಅನ್ನಿಸಿಕೊಳ್ಳೋಕೆ ಎಂದು ವಾದಿಸುತ್ತಿದ್ದರು.

ಅವರ ಮೇಜಿನ ಮೇಲೆ ಹಳೆಯ ಸಾಮಾನಿನ ಅಂಗಡಿಯಿಂದ ತಂದ ಒಂದು ಗ್ಲೋಬು ಇತ್ತು. ಅದರ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ಮಹಾಯುದ್ಧದ ಅಂತರ. ಆಫ್ರಿಕಾದಲ್ಲಿ ಒಂದೊಂದೇ ದೇಶ ಸ್ವತಂತ್ರವಾಗುತ್ತಿದ್ದ ದಿನಗಳವು. ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿ ನೋಡಿದ ಕೂಡಲೇ ಮೇಷ್ಟ್ರು ಸಣ್ಣ ಚೀಟಿಯ ಮೇಲೆ ಹೊಸ ದೇಶದ ಹೆಸರು ಬರೆದು, ಊಟದ ಹೊತ್ತಿಗೆ ಎರಡು ಅನ್ನದ ಅಗುಳು ತಂದು ಉಜ್ಜಿ, ಗ್ಲೋಬಿನ ಮೇಲೆ ಅಂಟಿಸುತ್ತಿದ್ದರು. ಗೋಂದು ಯಾಕೆ ಬಳಸಬಾರದು ಎಂದು ಕೇಳಿದ್ದಕ್ಕೆ, ಸ್ವಾತಂತ್ರ್ಯ ಬಂದ ದಿನ ಹೊಟ್ಟೆಗೆ ಅನ್ನ ಕಾಣಲಿ ಅಂದರು. ಆದರೆ ಅನ್ನ ಇದ್ದ ಕಡೆ ಇರುವೆ ಬರದೆ ಇರುತ್ತದೆಯೇ? ಒಂದು ಭಾನುವಾರ ಅವರು ನಮ್ಮ ಗೇಟಿಗೆ ಬಂದು, ಬಹಳ ದುಃಖದಿಂದ, ಘಾನಾ ಪೂರ್ತಿ ಹೋಯಿತು, ಕಾಂಗೋ ಅರ್ಧ ಉಳಿದಿದೆ ಎಂದು ತಿಳಿಸಿದರು. ನಮ್ಮ ತಾಯಿ ಗಾಬರಿಯಾಗಿ ಅಲ್ಲಿ ಯಾರಾದರೂ ನೆಂಟರಿದ್ದರೇ ಎಂದು ಕೇಳಿದರು.

ಈಗ ಅವರ ಷಡ್ಡಕರ ವಿಷಯಕ್ಕೆ ಬರಬೇಕು, ಏಕೆಂದರೆ ಮೇಷ್ಟ್ರ ಇಡೀ ವಿದ್ವತ್ತು ನಿಂತಿದ್ದೇ ಅವರ ಮೇಲೆ. ಮೇಷ್ಟ್ರ ಹೆಂಡತಿಯ ಅಕ್ಕ ಮತ್ತು ಅವರ ಯಜಮಾನರು ಪಕ್ಕದ ಮನೆಯಲ್ಲೇ ಇದ್ದರು. ಯಜಮಾನರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಹಾಸ್ಯವೆಂದರೆ ಅದಕ್ಕೆ ಮೇಲಧಿಕಾರಿಗಳ ಮಂಜೂರಾತಿ ಬೇಕು ಎಂದು ನಂಬಿದ್ದ ಮನುಷ್ಯ. ಅವರ ಹಿತ್ತಲ ನುಗ್ಗೆಮರದ ಒಂದು ಕೊಂಬೆ ಕಾಂಪೌಂಡು ದಾಟಿ ಮೇಷ್ಟ್ರ ಕಡೆ ಬಾಗಿತ್ತು. ಮೇಷ್ಟ್ರು ಕಾಯಿ ಕೀಳುವಾಗ ಷಡ್ಡಕರು ನೋಡಿ ಕೇಳಿದರಂತೆ. ಇವರು ತಮಾಷೆಗೆ, ನಮ್ಮ ವಾಯುಪ್ರದೇಶಕ್ಕೆ ಬಂದದ್ದೆಲ್ಲ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ನಮ್ಮದು ಅಂದುಬಿಟ್ಟರು. ಅವತ್ತಿಗೆ ಇಬ್ಬರೂ ಮಾತು ಬಿಟ್ಟರು.

ಮಾತು ಬಿಡುವುದು ಎಂದರೆ ಏನೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಅದು ಜಗಳವಲ್ಲ, ಜಗಳ ಮುಗಿದ ಮೇಲೆ ಶುರುವಾಗುವಂಥದ್ದು. ಗಂಡಸರು ಮಾತು ಬಿಟ್ಟರೂ ಅಕ್ಕತಂಗಿಯರ ನಡುವೆ ಪಾತ್ರೆ ಗೋಡೆ ದಾಟುವುದು ನಿಲ್ಲಲಿಲ್ಲ. ವಿವಾದದ ನುಗ್ಗೆಕಾಯಿಯ ಹುಳಿಯೇ ಒಂದು ತಪ್ಪಲೆ ಆಚೆ ಹೋಗುತ್ತಿತ್ತು. ಪಾತ್ರೆ ಖಾಲಿ ವಾಪಸು ಕೊಡಬಾರದಲ್ಲ, ಅದರಲ್ಲಿ ಒಂದು ಹಿಡಿ ಸಕ್ಕರೆಯೋ ಎರಡು ನಿಂಬೆಹಣ್ಣೋ ಕೂತು ಈಚೆ ಬರುತ್ತಿತ್ತು. ಗೌರಿ ಹಬ್ಬಕ್ಕೆ ಬಾಗಿನ ತಪ್ಪಲಿಲ್ಲ. ಗಂಡಸರಿಗೂ ಒಬ್ಬರಿಗೊಬ್ಬರು ಹೇಳಬೇಕಾದ್ದು ಇದ್ದೇ ಇರುತ್ತಿತ್ತು. ಅದಕ್ಕೆ ಬೀದಿಯ ಒಂದು ಬಿಳಿ ಹಸು ಇತ್ತು. ಷಡ್ಡಕರು ಅದಕ್ಕೆ ಬಾಳೆಹಣ್ಣಿನ ಸಿಪ್ಪೆ ಕೊಡುತ್ತಾ, ಕೆಲವರ ಮನೆ ಬಚ್ಚಲ ನೀರು ನಮ್ಮ ಕಡೆ ಹರಿಯುತ್ತಿದೆ ಎಂದು ದೊಡ್ಡ ದನಿಯಲ್ಲಿ ದೂರುತ್ತಿದ್ದರು. ಮೇಷ್ಟ್ರು ಗೇಟಿನಲ್ಲಿ ನಿಂತು ಅದೇ ಹಸುವಿಗೆ, ಮೋರಿ ಕಟ್ಟಿಸಿದವರು ಇಳಿಜಾರು ನೋಡಿ ಕಟ್ಟಿಸಬೇಕಿತ್ತು ಎಂದು ಉತ್ತರ ಕೊಡುತ್ತಿದ್ದರು. ಹಸು ಎರಡು ಕಡೆಯದನ್ನೂ ತಿಂದು ದಪ್ಪವಾಯಿತು.

ಮೇಷ್ಟ್ರಿಗೆ ಹೊಳೆದದ್ದು ಇಲ್ಲೇ. ಒಂದು ಸಂಜೆ ನಶ್ಯ ಏರಿಸಿಕೊಂಡು ನಮ್ಮ ಜಗಲಿಗೆ ಬಂದು ಕೂತರು. ಪರದೇಶದ ಪಂಡಿತರು ದೇಶಗಳೆಂದರೆ ಯುದ್ಧ ಮಾಡುತ್ತವೆ, ಇಲ್ಲವೇ ಶಾಂತಿಯಿಂದ ಇರುತ್ತವೆ ಎಂದು ಬರೆಯುತ್ತಾರೆ, ನಡುವಿನದಕ್ಕೆ ಅವರ ಹತ್ತಿರ ಸರಿಯಾದ ಪದವೇ ಇಲ್ಲ ಎಂದು ಶುರು ಮಾಡಿದರು.

"ಶೀತಲ ಸಮರ ಅಂತ ಹೆಸರಿಟ್ಕೊಂಡಿದಾರೆ ನೋಡಿಮ್ಮ. ಅದು ಸಮರ ಅಲ್ಲ, ಏನೂ ಅಲ್ಲ. ರಷ್ಯಾದವ್ರೂ ಅಮೆರಿಕದವ್ರೂ ಮಾತು ಬಿಟ್ಟಿದಾರೆ, ಅಷ್ಟೇ."

ಹಾಗಾದರೆ ವಿಶ್ವಸಂಸ್ಥೆ ಏನು ಎಂದು ಕೇಳಿದೆ. ಅವರು ಬೀದಿಯ ಕಡೆ ಕೈ ತೋರಿಸಿದರು. ಹಸು ಮೆಲುಕು ಹಾಕುತ್ತಾ ನಿಂತಿತ್ತು. ಎರಡು ಕಡೆಯವರೂ ಅದಕ್ಕೇ ಹೇಳುತ್ತಾರೆ, ಅದು ಎಲ್ಲವನ್ನೂ ಕೇಳುತ್ತದೆ, ಏನೂ ಮಾಡುವುದಿಲ್ಲ, ಆದರೆ ಅದು ಇಲ್ಲದಿದ್ದರೆ ಎರಡು ಮನೆಯವರೂ ದೊಣ್ಣೆ ಹಿಡಿಯುತ್ತಾರೆ ಅಂದರು. ನಾನು ನಕ್ಕೆ. ನಕ್ಕ ಮೇಲೆ ರಾತ್ರಿ ಊಟ ಮಾಡುವಾಗ ಯೋಚಿಸಿದರೆ, ಮನುಷ್ಯ ಹೇಳಿದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಮಾತು ಬಿಡುವುದಕ್ಕೆ ನಿಯಮಗಳಿವೆ, ಮರ್ಯಾದೆ ಇದೆ, ಪಾತ್ರೆ ಖಾಲಿ ಕೊಡಬಾರದೆಂಬ ಕಟ್ಟುಪಾಡಿದೆ, ಅದರಿಂದಲೇ ದೊಡ್ಡ ಅನಾಹುತ ತಪ್ಪುತ್ತದೆ ಎಂದು ಅವರು ಒಂದು ಪ್ರಬಂಧ ಬರೆದರು. ಇಂಗ್ಲಿಷು ತಿದ್ದಲು ನನಗೆ ಕೊಟ್ಟರು. ಮೇಷ್ಟ್ರಿಗೆ ಬಂಗಲೆ ಬೇಡ, ಬಡ್ತಿ ಬೇಡ. ತಾವು ಯೋಚಿಸಿದ್ದು ಒಂದು ಸಿದ್ಧಾಂತ ಎಂದು, ತಮ್ಮ ಹೆಸರಿನಲ್ಲಿ, ಪರದೇಶದ ದೊಡ್ಡ ಪತ್ರಿಕೆಯೊಂದರಲ್ಲಿ ಅಚ್ಚಾಗಬೇಕು. ಅದೊಂದೇ ಆಸೆ. ಅದನ್ನು ಹೇಳುವಾಗ ಅವರ ಕಿವಿ ಕೆಂಪಾಗಿತ್ತು.

ತಿದ್ದುವಾಗ ಮಾತು ಬಿಡುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ನಮ್ಮಿಬ್ಬರಿಗೂ ಜಟಾಪಟಿ. ನಾನು ಕೊಟ್ಟ ಪದಗಳೆಲ್ಲ ಬರೀ ಮುನಿಸು, ಅದರೊಳಗೆ ಪಾತ್ರೆ ಇಲ್ಲ ಎಂದು ಅವರು ಒಪ್ಪಲಿಲ್ಲ. ಕೊನೆಗೆ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟರು. ಅವರು ಸರಿ, ನಾನು ತಪ್ಪು ಎಂದು ಈಗಲೂ ಅನ್ನಿಸುತ್ತದೆ. ಪ್ರಬಂಧ ಹಡಗಿನ ಅಂಚೆಯಲ್ಲಿ ಹೋಗಿ, ಮಳೆಗಾಲ ಕಳೆದ ಮೇಲೆ ವಾಪಸು ಬಂತು. ಆ ಪದ ನಮ್ಮ ಓದುಗರಿಗೆ ಪರಿಚಿತವಲ್ಲ ಎಂದು ಸಂಪಾದಕರು ವಿಷಾದಿಸಿದ್ದರು.

"ಅವರ ಪದ ನಮಗೆ ಗೊತ್ತಿಲ್ದಿದ್ರೆ ನಾವು ಡಿಕ್ಷನರಿ ತೆಗೀತೀವಿ," ಅಂದರು ಮೇಷ್ಟ್ರು. "ನಮ್ಮ ಪದ ಅವರಿಗೆ ಗೊತ್ತಿಲ್ದಿದ್ರೆ ಪ್ರಬಂಧ ವಾಪಸ್ ಕಳಿಸ್ತಾರೆ."

ಎರಡನೇ ಪತ್ರಿಕೆಯವರು ಇತ್ತೀಚಿನ ಗ್ರಂಥಗಳನ್ನು ಓದಿದ ಲಕ್ಷಣ ಇದರಲ್ಲಿ ಕಾಣುವುದಿಲ್ಲ ಅಂದರು. ಅದು ಸತ್ಯ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಈ ವಿಷಯದ ಮೇಲಿದ್ದ ಅತ್ಯಂತ ಹೊಸ ಪುಸ್ತಕ ಲೀಗ್ ಆಫ್ ನೇಷನ್ಸ್‌ಗೆ ಉಜ್ವಲ ಭವಿಷ್ಯವಿದೆ ಎಂದು ಹೇಳುತ್ತಿತ್ತು. ಮೇಷ್ಟ್ರು ಹೊಸ ಪುಸ್ತಕ ತರಿಸಿ ಎಂದು ಕೇಳಲು ಹೋದರೆ ಪ್ರಿನ್ಸಿಪಾಲರು, ಇರುವುದನ್ನೇ ಇನ್ನೂ ಯಾರೂ ಓದಿಲ್ಲವಲ್ಲ ಎಂದು ಕಳಿಸಿದರು.

ಮೂರನೆಯವರ ಉತ್ತರ ನನ್ನ ಮೈ ಉರಿಸಿತು. ಸಿದ್ಧಾಂತದ ಭಾಗ ಅಗತ್ಯವಿಲ್ಲ, ಆದರೆ ಲೇಖಕರು ಆ ಪ್ರದೇಶದಲ್ಲೇ ಇರುವುದರಿಂದ, ಶೀತಲ ಸಮರದ ಬಗ್ಗೆ ಅಲ್ಲಿನ ರೈತಾಪಿ ಜನರ ಅಭಿಪ್ರಾಯ ಸಂಗ್ರಹಿಸಿ ಕಳಿಸಿದರೆ ಸಂತೋಷದಿಂದ ಪರಿಶೀಲಿಸುತ್ತೇವೆ ಎಂದಿದ್ದರು. ನಾನು ಹರಿದು ಹಾಕಿ ಅಂದೆ. ಮೇಷ್ಟ್ರು ನನಗಿಂತ ಒಳ್ಳೆಯವರು. ಮಾರನೇ ಬೆಳಿಗ್ಗೆ ಬಿಳೇಕಹಳ್ಳಿಯಿಂದ ಎಮ್ಮೆ ಹೊಡೆದುಕೊಂಡು ಬಂದು ಮನೆ ಮುಂದೆಯೇ ಹಾಲು ಕರೆದು ಕೊಡುತ್ತಿದ್ದವನನ್ನು ನಿಲ್ಲಿಸಿಕೊಂಡು, ಅಮೆರಿಕ ರಷ್ಯಾಗಳ ಶೀತಲ ಸಮರದ ಬಗ್ಗೆ ನಿನ್ನ ಅಭಿಪ್ರಾಯವೇನಪ್ಪ ಎಂದು ಕೇಳಿದರು. ಶೀತಲ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಹಾಲು ತಣ್ಣಗಿದೆ ಎಂದು ದೂರುತ್ತಿದ್ದಾರೆಂದುಕೊಂಡು ಅವನು ಚೆಂಬು ಕೆಳಗಿಟ್ಟ.

"ನೀರ್ ಯಾಕ್ ಹಾಕ್ಲಿ ಸ್ವಾಮಿ? ನಿಮ್ ಎದ್ರಿಗೇ ಕರೀತಿಲ್ವಾ?"

ಮೇಷ್ಟ್ರು ಇದನ್ನೇ, ಒಂದಕ್ಷರ ಬದಲಿಸದೆ, ಇಂಗ್ಲಿಷಿನಲ್ಲಿ ಬರೆದು ಕಳಿಸಿದರು. ಸಂಪಾದಕರಿಗೆ ಬಹಳ ಹಿಡಿಸಿತು. ಮಹಾಶಕ್ತಿಗಳ ಮೇಲಿನ ರೈತನ ಅಪನಂಬಿಕೆ ಇದರಲ್ಲಿ ಚೆನ್ನಾಗಿ ಮೂಡಿದೆ, ಇಂಥವು ಇನ್ನಷ್ಟು ಬೇಕು ಎಂದು ಬರೆದರು. ಅಲ್ಲಿಗೆ ಮೇಷ್ಟ್ರು ಸುಸ್ತಾದರು. ಇವರಿಗೆ ನನ್ನ ತಲೆ ಬೇಡ, ಅವನ ಎಮ್ಮೆ ಬೇಕು ಎಂದು ಆ ವ್ಯವಹಾರ ಕೈಬಿಟ್ಟರು.

ಆಮೇಲೆ ಒಂದು ಬೇಸಿಗೆಯಲ್ಲಿ ಅಮೆರಿಕದಿಂದ ಒಬ್ಬ ಪ್ರೊಫೆಸರು ಬಂದರು. ಅಲಿಪ್ತ ನೀತಿಯ ಬಗ್ಗೆ ಸಂಶೋಧನೆ ಮಾಡಲು ಅವರ ವಿಶ್ವವಿದ್ಯಾಲಯ ಕಳಿಸಿತ್ತು. ಕಾಲೇಜಿನವರು ಕೊಟ್ಟ ಮೇಷ್ಟ್ರ ವಿಳಾಸ ಹಿಡಿದು ಕಂಟೋನ್ಮೆಂಟಿನ ಹೋಟೆಲಿನಿಂದ ಟ್ಯಾಕ್ಸಿಯಲ್ಲಿ ನಮ್ಮ ರಸ್ತೆಗೆ ಬಂದಿಳಿದಾಗ ಅವರ ಎತ್ತರ ನೋಡಿ ನಮ್ಮ ತಾಯಿ, ಪಾಪ ಇವರಿಗೆ ಹಾಸಿಗೆ ಎಲ್ಲಿ ಸಿಗುತ್ತೋ ಅಂದರು. ಸರಳ ಮನುಷ್ಯ. ನೆಲದ ಮೇಲೆ ಕಾಲು ಮಡಿಸಲು ಬರದೆ ಉದ್ದಕ್ಕೆ ಚಾಚಿಕೊಂಡು, ಮೇಷ್ಟ್ರ ಹೆಂಡತಿ ಸಾಕೆನ್ನುವವರೆಗೂ ಇಡ್ಲಿ ತಿಂದರು. ಸಾಕೆನ್ನಬೇಕಾದವರು ತಿನ್ನುವವರು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಅವರಿಗೆ ಎಲ್ಲವನ್ನೂ ಹೇಳಿದರು. ನುಗ್ಗೆಮರ ತೋರಿಸಿದರು, ಪಾತ್ರೆ ಗೋಡೆ ದಾಟುವುದನ್ನು ತೋರಿಸಿದರು, ಹಸುವಿನ ಪರಿಚಯ ಮಾಡಿಸಿದರು. ಹಳ್ಳಿ ನೋಡಬೇಕೆಂದಾಗ ಬೇಗೂರಿಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ನಾಗೇಶ್ವರನ ಗುಡಿ ನೋಡಿ, ಕೆರೆ ಏರಿಯ ಮೇಲೆ ಕೂತು, ಮೇಷ್ಟ್ರು ತಮ್ಮ ಸಿದ್ಧಾಂತವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದರು. ಅಷ್ಟು ಚೆನ್ನಾಗಿ ಅವರು ತರಗತಿಯಲ್ಲೂ ಪಾಠ ಮಾಡಿದ್ದನ್ನು ನಾನು ಕೇಳಿರಲಿಲ್ಲ. ಪ್ರೊಫೆಸರು ಬರೆದುಕೊಂಡರು, ಬರೆದುಕೊಂಡರು, ಅವರ ಪೆನ್ನಿನ ಮಸಿ ಮುಗಿಯಿತು. ಮೇಷ್ಟ್ರು ಕೋಟಿನ ಜೇಬಿನಿಂದ ತಮ್ಮ ಪೆನ್ನು ತೆಗೆದು ಕೊಟ್ಟರು.

ಒಂದೂವರೆ ವರ್ಷವಾದ ಮೇಲೆ ಅಮೆರಿಕದಿಂದ ಒಂದು ಕಂದು ಲಕೋಟೆ ಬಂತು. ಮೇಷ್ಟ್ರ ಪ್ರಬಂಧವನ್ನು ಮೂರು ಸಲವೂ ಸರಿಯಾಗಿ ಹಿಂದಕ್ಕೆ ತಂದುಕೊಟ್ಟಿದ್ದ ಅಂಚೆಯವನು ಈ ಲಕೋಟೆಯನ್ನು ಮಾತ್ರ ಷಡ್ಡಕರ ಮನೆಗೆ ಹಾಕಿಹೋದ. ಷಡ್ಡಕರು ಕಚೇರಿ ಅಭ್ಯಾಸದಂತೆ ತೆರೆದು ಓದಿದರು. ಒಳಗೆ ಅಚ್ಚಾದ ಪ್ರಬಂಧ. ಬರೆದವರು ಪ್ರೊಫೆಸರು. ಅದಕ್ಕೆ ಅವರು ಇಟ್ಟಿದ್ದ ಹೆಸರು ಸಸ್ಪೆಂಡೆಡ್ ಕಾರ್ಡಿಯಾಲಿಟಿ. ಅಂದರೆ ಅಮಾನತ್ತಿನಲ್ಲಿಟ್ಟ ಸೌಹಾರ್ದ. ಮೊದಲ ಪುಟದ ಮೇಲೆ ಅವರೇ ಪೆನ್ನಿನಲ್ಲಿ, ಬೆಂಗಳೂರಿನ ನನ್ನ ಇನ್‌ಫಾರ್ಮೆಂಟ್‌ಗೆ ಕೃತಜ್ಞತೆಗಳೊಂದಿಗೆ ಎಂದು ಬರೆದು ಸಹಿ ಹಾಕಿದ್ದರು.

ಷಡ್ಡಕರು ಇಡೀ ಜೀವಮಾನದಲ್ಲಿ ಸಸ್ಪೆಂಡ್ ಎಂಬ ಪದವನ್ನು ಒಂದೇ ಅರ್ಥದಲ್ಲಿ ಕಂಡವರು. ಇನ್‌ಫಾರ್ಮೆಂಟ್ ಎಂಬುದನ್ನೂ ಒಂದೇ ಅರ್ಥದಲ್ಲಿ. ಎರಡನ್ನೂ ಸೇರಿಸಿದರು. ಹೆಂಡತಿಯ ತಂಗಿಯ ಗಂಡ ಪೊಲೀಸರಿಗೆ, ಅದೂ ಅಮೆರಿಕದ ಪೊಲೀಸರಿಗೆ, ಮಾಹಿತಿ ಕೊಡುತ್ತಿದ್ದಾನೆ, ಈಗ ಸಿಕ್ಕಿಬಿದ್ದು ಸಸ್ಪೆಂಡ್ ಆಗಿದ್ದಾನೆ. ಮೇಷ್ಟ್ರನ್ನೇ ಕೇಳಿ ತಿಳಿಯೋಣವೆಂದರೆ ಮಾತು ಬಿಟ್ಟಾಗಿದೆ. ಆದ್ದರಿಂದ ಅವರನ್ನೊಬ್ಬರನ್ನು ಬಿಟ್ಟು ಉಳಿದ ಎಲ್ಲರಿಗೂ ಹೇಳಿದರು. ಹಸುವಿಗೂ ಹೇಳಿದರೆಂದು ಕಾಣುತ್ತದೆ. ಪ್ರಬಂಧ ಮಾತ್ರ ಮಾರನೆಯ ದಿನ, ವಾಪಸು ಬರಬೇಕಿದ್ದ ತಪ್ಪಲೆಯೊಳಗೆ, ಸಕ್ಕರೆಯ ಪೊಟ್ಟಣದ ಕೆಳಗೆ ಮಡಿಸಿಕೊಂಡು ಗೋಡೆ ದಾಟಿ ಬಂತು.

ನಮ್ಮ ರಸ್ತೆ ಅಷ್ಟು ಸಾಚಾ ಆಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಮೂಲೆಯ ಶೆಟ್ಟರ ಅಂಗಡಿಯ ತೊಗರಿಬೇಳೆಯಲ್ಲಿ ಕಲ್ಲು ಮಾಯವಾಯಿತು. ಬೇಲಿಯನ್ನು ವರ್ಷವರ್ಷಕ್ಕೂ ಪಕ್ಕದ ಖಾಲಿ ಸೈಟಿಗೆ ಜರುಗಿಸುತ್ತಿದ್ದ ಮಹನೀಯರೊಬ್ಬರು ಅದನ್ನು ಹಿಂದಕ್ಕೆ ಕಿತ್ತು ನೆಟ್ಟರು. ಬಿಳೇಕಹಳ್ಳಿಯವನ ಹಾಲಂತೂ, ಎಮ್ಮೆಯೇ ಬದಲಾಯಿತೋ ಎನ್ನುವಷ್ಟು ಗಟ್ಟಿಯಾಯಿತು. ಮೇಷ್ಟ್ರು ಹೋದ ಕಡೆಯೆಲ್ಲ ಮಾತು ನಿಲ್ಲುತ್ತಿತ್ತು, ಕುರ್ಚಿ ಬರುತ್ತಿತ್ತು. ವಿಷಯ ತಿಳಿದ ಮೇಲೆ ಅವರು ಮನೆಮನೆಗೂ ಹೋಗಿ ತಾವು ಪೊಲೀಸಿನವರಲ್ಲವೆಂದು ಹೇಳಿಬರುತ್ತೇನೆಂದು ಹೊರಟರಂತೆ. ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, ಮೊಸರು ಈಗ ತಾನೇ ಚಾಕುವಿನಲ್ಲಿ ಕತ್ತರಿಸೋ ಹಾಗೆ ಬರ್ತಾ ಇದೆ, ಹಬ್ಬ ಕಳೆಯೋವರೆಗೆ ಸುಮ್ಮನಿರಿ ಅಂದರಂತೆ.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಅವರನ್ನು ಒಳಗೆ ಕರೆಸಿ, ಬಾಗಿಲು ಹಾಕಿಸಿ, ನೀವು ಯಾರಿಗೆ ವರದಿ ಮಾಡುತ್ತೀರಿ ಎಂದು ಮೆಲ್ಲಗೆ ಕೇಳಿದರು. ಮೇಷ್ಟ್ರು, ಆಡಳಿತದ ದೃಷ್ಟಿಯಿಂದ ತಮಗೇ ಸಾರ್ ಅಂದರು. ಪ್ರಿನ್ಸಿಪಾಲರು ಅದನ್ನು ಬಹಳ ಚತುರ ಉತ್ತರವೆಂದು ತಿಳಿದರು. ಆ ವರ್ಷವೇ ರಾಜ್ಯಶಾಸ್ತ್ರ ವಿಭಾಗಕ್ಕೆ ಹೊಸ ಪುಸ್ತಕಗಳು ಮಂಜೂರಾದವು.

ಎಲ್ಲರೂ ನಗುತ್ತಿದ್ದೆವು, ಮೇಷ್ಟ್ರೂ ನಗುತ್ತಿದ್ದರು. ಆದರೆ ಅವರಿಗೆ ನೋವಾಗಿತ್ತು. ಪ್ರಬಂಧ ತಂದು ನನ್ನ ಮುಂದಿಟ್ಟರು. ನುಗ್ಗೆಮರ ಇತ್ತು, ಪಾತ್ರೆ ಇತ್ತು, ಹಸು ಇತ್ತು. ನಿಯಮಗಳೆಲ್ಲ ಅವರು ಹೇಳಿದ ಕ್ರಮದಲ್ಲೇ ಇದ್ದವು. ಶುರುವಿನಿಂದ ಕೊನೆಯವರೆಗೆ ಅವರ ಹೆಸರು ಮಾತ್ರ ಇರಲಿಲ್ಲ. ಮಾತು ಬಿಡುವುದು ಎಂಬ ಪದವೂ ಇರಲಿಲ್ಲ. ಇನ್‌ಫಾರ್ಮೆಂಟ್ ಅಂದರೆ ಸರಿಯಾಗಿ ಏನು ಎಂದು ಇಂಗ್ಲಿಷಿನವಳಾದ ನನ್ನನ್ನು ಕೇಳಿದರು. ಸಂಶೋಧನೆ ಮಾಡುವವರಿಗೆ ತನಗೆ ಗೊತ್ತಿರುವ ವಿವರ ಒದಗಿಸುವವನು ಅಂದೆ.

"ಯೋಚನೆ ಮಾಡೋನಿಗೆ ಏನಂತಾರೆ?"

ಸ್ಕಾಲರ್ ಅಂತಾರೆ ಅಂದೆ.

"ಎರಡೂ ಒಬ್ನೇ ಆಗೋ ಹಾಗಿಲ್ವೇನಮ್ಮ?"

ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಪ್ರೊಫೆಸರಿಗೂ ಪತ್ರಿಕೆಯ ಸಂಪಾದಕರಿಗೂ ಎರಡು ಕಾಗದ ಬರೆದು ಮೇಷ್ಟ್ರ ಸಹಿ ಹಾಕಿಸಿದೆ. ಅಂಥ ಇಂಗ್ಲಿಷ್ ನಾನು ಮತ್ತೆ ಬರೆದಿಲ್ಲ. ಪ್ರೊಫೆಸರು ಕೂಡಲೇ ಉತ್ತರ ಬರೆದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನಿಮ್ಮ ಕುಟುಂಬದ ಸಂಗತಿಗಳು ಅಮೂಲ್ಯವಾಗಿದ್ದವು, ಅವನ್ನು ಸಿದ್ಧಾಂತವಾಗಿ ರೂಪಿಸುವ ಶ್ರಮ ಮಾತ್ರ ನನ್ನದು, ನಿಮ್ಮ ಹೆಂಡತಿಯವರ ಇಡ್ಲಿಯನ್ನು ನಮ್ಮ ಮನೆಯಲ್ಲಿ ದಿನವೂ ನೆನೆಯುತ್ತೇವೆ ಎಂದಿದ್ದರು. ಅದರಲ್ಲಿ ಕಪಟವಿರಲಿಲ್ಲ. ಕೆರೆ ಏರಿಯ ಮೇಲೆ ತಾವು ಕೇಳಿದ್ದು ಒಂದು ಸಿದ್ಧಾಂತ ಎಂದು ಆ ಮನುಷ್ಯನಿಗೆ ಗೊತ್ತೇ ಆಗಿರಲಿಲ್ಲ. ಸಂಪಾದಕರದು ಎರಡೇ ಸಾಲು. ಇನ್‌ಫಾರ್ಮೆಂಟರ ಸುರಕ್ಷತೆಯ ದೃಷ್ಟಿಯಿಂದ ಅವರ ಹೆಸರು ಪ್ರಕಟಿಸುವ ಪದ್ಧತಿ ನಮ್ಮಲ್ಲಿಲ್ಲ.

ಮೇಷ್ಟ್ರು ಓದಿ, ಒಂದು ದೊಡ್ಡ ಚಿಟಿಕೆ ಏರಿಸಿ, ನಾಲ್ಕು ಸಲ ಸೀನಿದರು. ಹೋಗಲಿ ಬಿಡಿ, ನಾನು ಸುರಕ್ಷಿತವಾಗಿದ್ದೇನಲ್ಲ ಅಂದರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಸಿಲಬಸ್ ಬದಲಾಯಿತು. ಪರದೇಶದ ಹೊಸ ವಿಚಾರಗಳು ನಮ್ಮ ಹುಡುಗರಿಗೂ ತಿಳಿಯಲಿ ಎಂದು ಯಾರೋ ಪಟ್ಟು ಹಿಡಿದರಂತೆ. ಅಂತರರಾಷ್ಟ್ರೀಯ ಸಂಬಂಧಗಳ ಪೇಪರಿಗೆ ಹೊಸದಾಗಿ ಸೇರಿದ ಪಾಠಗಳಲ್ಲಿ ಸಸ್ಪೆಂಡೆಡ್ ಕಾರ್ಡಿಯಾಲಿಟಿ ಎಂಬುದೂ ಒಂದು, ಮುಂದೆ ಪ್ರೊಫೆಸರ ಹೆಸರು. ನಮ್ಮ ಕಾಲೇಜಿನಲ್ಲಿ ಅದನ್ನು ಪಾಠ ಮಾಡಬೇಕಾದವರು ಇವರೇ. ಬಿಟ್ಟುಬಿಡಿ, ಬೇರೆ ಯಾರಾದರೂ ಮಾಡಲಿ ಎಂದೆ. ಬೇರೆಯವರು ತಪ್ಪು ಹೇಳಿಕೊಡುತ್ತಾರೆ ಅಂದರು.

ನನ್ನ ಕ್ಲಾಸಿಗೂ ಅವರ ಕ್ಲಾಸಿಗೂ ನಡುವೆ ಮರದ ಹಲಗೆಯ ಗೋಡೆ. ಅವತ್ತು ನಾನು ನನ್ನ ಹುಡುಗರಿಗೆ ಏನೋ ಬರೆಯಲು ಕೊಟ್ಟು ಕಿವಿಗೊಟ್ಟು ಕೂತೆ. ಮೇಷ್ಟ್ರು ಹಲಗೆಯ ಮೇಲೆ ಪ್ರೊಫೆಸರ ಹೆಸರು ಬರೆದರು, ಕಾಗುಣಿತ ಹೇಳಿದರು, ಎರಡು ಸಲ ಓದಿಸಿದರು. ಆಮೇಲೆ ಪುಸ್ತಕದಲ್ಲಿದ್ದಂತೆ ಇಂಗ್ಲಿಷಿನಲ್ಲಿ ವಿವರಿಸಿದರು. ಹುಡುಗರು ಪಿಳಿಪಿಳಿ ನೋಡುತ್ತಿದ್ದಿರಬೇಕು, ಯಾರೂ ಉಸಿರೆತ್ತಲಿಲ್ಲ. ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ, ಮಾತು ಬಿಡೋದು ಕಣ್ರಪ್ಪ ಎಂದು ಶುರು ಮಾಡಿದರು ನೋಡಿ, ಬೇಗೂರಿನ ಕೆರೆ ಏರಿಯ ಮೇಲಿನ ಮೇಷ್ಟ್ರು. ಆ ಕಡೆ ಕ್ಲಾಸೇ ಬಿದ್ದು ಬಿದ್ದು ನಗುತ್ತಿತ್ತು. ಈ ಕಡೆ ನನ್ನ ಹುಡುಗರೂ ಬರೆಯುವುದು ಬಿಟ್ಟು ಕೇಳುತ್ತಿದ್ದರು. ನಾನೂ ನಕ್ಕೆ. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಎದ್ದು, ಸಾರ್, ಇದು ನಮ್ಮನೆಯಲ್ಲೂ ಇದೆ, ಪರೀಕ್ಷೆಗೆ ಬರುವುದು ಇದೇನಾ, ಬೇರೆಯದಾ ಎಂದು ಕೇಳಿದ. ಇದೇ, ಆದರೆ ಹೆಸರು ಸರಿಯಾಗಿ ಬರೀರಿ ಎಂದು ಹೇಳಿ ಅವರು ಹೊರಟುಹೋದರು.

ಆ ವರ್ಷದ ಪರೀಕ್ಷೆಗೆ ಅದರ ಮೇಲೆ ಪ್ರಶ್ನೆ ಬಂತು. ಆಗೆಲ್ಲ ಉತ್ತರಪತ್ರಿಕೆಯ ಕಟ್ಟು ಪರೀಕ್ಷಕರ ಮನೆಗೇ ಬರುತ್ತಿತ್ತು. ರಜೆಯ ಮಧ್ಯಾಹ್ನಗಳಲ್ಲಿ ನಾನು ನನ್ನ ಇಂಗ್ಲಿಷಿನ ಕಟ್ಟು ಹೊತ್ತುಕೊಂಡು ಅವರ ಜಗಲಿಗೆ ಹೋಗುತ್ತಿದ್ದೆ. ಇಬ್ಬರೂ ಎದುರುಬದುರು ಕೂತು ತಿದ್ದುತ್ತಿದ್ದೆವು. ನಡುವೆ ಕಾಫಿ ಬರುತ್ತಿತ್ತು. ಒಂದು ದಿನ ಒಂದು ಉತ್ತರದ ಮೇಲೆ ಮೇಷ್ಟ್ರ ಕೈ ನಿಂತಿತು. ಓದಿದರು, ಹಿಂದಕ್ಕೆ ತಿರುವಿ ಮತ್ತೆ ಓದಿದರು. ಮುಖದಲ್ಲಿ ಬೆಳಕು ಬಂತು. ಬಹಳ ಚೆನ್ನಾಗಿ ಬರೆದಿದ್ದಾನೆ, ವಿಷಯ ಪೂರ್ತಿ ಅರ್ಥವಾಗಿದೆ ಇವನಿಗೆ, ನಾನೂ ಇಷ್ಟು ಚೊಕ್ಕವಾಗಿ ಬರೆದಿರಲಿಲ್ಲ ಎಂದು ಮೆಚ್ಚಿದರು. ನನಗೂ ಸಂತೋಷವಾಯಿತು. ಆಮೇಲೆ ಕೆಂಪು ಪೆನ್ಸಿಲ್ ತೆಗೆದುಕೊಂಡು, ಎರಡು ಅಂಕ ಕತ್ತರಿಸಿದರು.

ಯಾಕೆಂದು ಕೇಳಿದೆ. ವಿಶ್ವವಿದ್ಯಾಲಯ ಕಳಿಸಿದ ಸ್ಕೀಮಿನಲ್ಲಿ, ಸಿದ್ಧಾಂತವನ್ನು ಮಂಡಿಸಿದವರ ಹೆಸರಿಗೇ ಎರಡು ಅಂಕ ಇಟ್ಟಿದ್ದಾರೆ ಅಂದರು. ಹುಡುಗ ಹೆಸರು ಬರೆಯಲು ಮರೆತನೇ ಅಂದೆ. ಮರೆತಿಲ್ಲ, ಬರೆದಿದ್ದಾನೆ, ತಪ್ಪು ಬರೆದಿದ್ದಾನೆ ಅಂದರು. ಇಷ್ಟೆಲ್ಲ ಚೆನ್ನಾಗಿ ಬರೆದವನಿಗೆ ಒಂದು ಹೆಸರಿನ ತಪ್ಪಿಗೆ ಯಾಕೆ ಕತ್ತರಿ, ಹಾಕಿಬಿಡಿ ಮೇಷ್ಟ್ರೇ ಎಂದು ನಾನು ವಾದಕ್ಕೆ ಇಳಿದೆ.

"ಹಾಗಾಗಲ್ಲಮ್ಮ. ಮೇಲಿನವರು ತೆಗೆದು ನೋಡ್ತಾರೆ. ತಪ್ಪು ಹೆಸರಿಗೆ ಮಾರ್ಕ್ಸ್ ಕೊಟ್ರೆ ನನ್ನ ಕೇಳ್ತಾರೆ."

ಅಂಥಾ ಯಾರ ಹೆಸರು ಬರೆದಿದ್ದಾನೆ ಎಂದು ಕೇಳಿದೆ.

ಮೇಷ್ಟ್ರು ಒಟ್ಟು ಅಂಕವನ್ನು ಇನ್ನೊಂದು ಸಲ ಕೂಡಿ, ಮೇಲೆ ಬರೆದು, ಕೆಳಗೆ ಗೆರೆ ಎಳೆದರು.

"ನಂದು," ಅಂದರು.